ತಾಲೂಕು ಆಸ್ಪತ್ರೆಯ ಹಲ್ಲಿನ ವಿಭಾಗಕ್ಕೆ ದುಡ್ಡು ಎಲ್ಲಿಂದ ಬರುತ್ತೆ, ಎಲ್ಲಿ ನಿಲ್ಲುತ್ತೆ? (ಮಂಡ್ಯ–ಮೈಸೂರು) – ಚರ್ಚೆ; ಪ್ರತಿ ಮಾತಿನ ಮೇಲಿರೋದು ಬರೆದವರ ಅಡ್ಡಹೆಸರು

ಹೇಮಾವತಿ ನಾಲೆ

ಅಕ್ಕಪಕ್ಕದ ಎರಡು ತಾಲೂಕು ಆಸ್ಪತ್ರೆ. ಎರಡರಲ್ಲೂ ದಂತ ವೈದ್ಯರಿದ್ದಾರೆ, ಚೇರ್ ಇದೆ. ಒಂದು ಕಡೆ ಹುಳುಕು ಹಲ್ಲಿಗೆ ಸಿಮೆಂಟ್ ತುಂಬಿ ಕಳಿಸ್ತಾರೆ. ಇನ್ನೊಂದು ಕಡೆ ಕೀಳೋದು ಬಿಟ್ಟರೆ ಬೇರೆ ಮಾತೇ ಇಲ್ಲ, ಕೇಳಿದರೆ ‘ಸಾಮಾನು ಬಂದಿಲ್ಲ’. ಕೆಡಿಪಿ ಸಭೆಗೆ (ತಾಲೂಕಿನ ಇಲಾಖೆಗಳ ಪ್ರಗತಿ ಪರಿಶೀಲನೆ) ಪಂಚಾಯ್ತಿ ಕಡೆಯಿಂದ ಒಂದು ಟಿಪ್ಪಣಿ ಕೊಡಬೇಕಾಗಿದೆ. ಹಲ್ಲಿನ ವಿಭಾಗದ ಖರ್ಚನ್ನು ನಿಜವಾಗಿ ತೀರ್ಮಾನ ಮಾಡೋದು ಯಾವುದು? ಜನಸಂಖ್ಯೆಯೇ, ರೋಗಿಗಳ ಸಂಖ್ಯೆಯೇ, ಶಾಸಕರ ಆಸಕ್ತಿಯೇ? ಖಾಸಗಿಯವರಿಗೆ ಸರ್ಕಾರದ ದುಡ್ಡು ಯಾವ ದಾರಿಯಲ್ಲಿ ಹೋಗುತ್ತೆ? ಗೊತ್ತಿರೋರು ಬಿಡಿಸಿ ಹೇಳಿ. ‘ಅನುದಾನ ಕಡಿಮೆ’ ಅನ್ನೋ ಒಂದೇ ಸಾಲಿನ ಉತ್ತರ ಬೇಡ.

ಲೆಕ್ಕಶಾಖೆ

ಮೊದಲು ಒಂದು ವಿಷಯ: ‘ದಂತ ಚಿಕಿತ್ಸೆ’ ಅಂತ ಒಂದು ಗಂಟು ಎಲ್ಲೂ ಇಲ್ಲ. ನಾಲ್ಕು ಬೇರೆ ಬೇರೆ ಜೇಬುಗಳಿಂದ ಬರುತ್ತೆ.

ದೊಡ್ಡ ಜೇಬು ಸಂಬಳದ್ದು. ಮಂಜೂರಾದ ಹುದ್ದೆ ಇದ್ದರೆ, ಅದರಲ್ಲಿ ಆಳಿದ್ದರೆ, ಎಚ್‌ಆರ್‌ಎಂಎಸ್ ಅನ್ನೋ ಸಂಬಳದ ತಂತ್ರಾಂಶದಲ್ಲಿ ಬಿಲ್ ಆಗಿ, ಸರ್ಕಾರಿ ಖಜಾನೆಯ ಆನ್‌ಲೈನ್ ವ್ಯವಸ್ಥೆ ಖಜಾನೆ-2ರ ಮೂಲಕ ತಿಂಗಳು ತಿಂಗಳು ಹೋಗುತ್ತೆ. ಬಜೆಟ್‌ನಲ್ಲಿ ಈ ಖರ್ಚು ಬರೆಯೋ ಲೆಕ್ಕ ಶೀರ್ಷಿಕೆ 2210. ಜಿಲ್ಲಾ ಪಂಚಾಯ್ತಿ ಮೂಲಕ ಹೋಗೋ (ಜಿಲ್ಲಾ ವಲಯದ) ಹಣವಾದರೆ ಬಜೆಟ್ ಜೊತೆ ಬರುವ ಲಿಂಕ್ ಡಾಕ್ಯುಮೆಂಟ್ ಪುಸ್ತಕದಲ್ಲಿ ಕಾಣುತ್ತೆ, ಆದರೆ ಅದು ಇಡೀ ಆಸ್ಪತ್ರೆಯ ಸಂಬಳದ ಸಾಲು. ಹಲ್ಲಿಗೆ ಎಷ್ಟು ಅಂತ ಅದರಿಂದ ಹೆಕ್ಕಿ ತೆಗೆಯೋಕೆ ಆಗಲ್ಲ.

ಎರಡನೇದು ಔಷಧ. ರಾಜ್ಯ ವೈದ್ಯಕೀಯ ಸರಬರಾಜು ನಿಗಮ ಖರೀದಿ ಮಾಡಿ ಜಿಲ್ಲಾ ಉಗ್ರಾಣಕ್ಕೆ ಕಳಿಸುತ್ತೆ, ಆಸ್ಪತ್ರೆ ಇಂಡೆಂಟ್ (ಬೇಡಿಕೆ ಪಟ್ಟಿ) ಹಾಕಿ ತಗೊಳ್ಳುತ್ತೆ. ಮೂರನೇದು ರಾಷ್ಟ್ರೀಯ ಆರೋಗ್ಯ ಅಭಿಯಾನ. ಅದರೊಳಗೆ 2014–15ರಿಂದ ರಾಷ್ಟ್ರೀಯ ಬಾಯಿ ಆರೋಗ್ಯ ಕಾರ್ಯಕ್ರಮ ಅಂತ ಒಂದಿದೆ. ಚೇರ್, ಉಪಕರಣ, ಗುತ್ತಿಗೆ ಸಿಬ್ಬಂದಿ, ಬಳಕೆ ಸಾಮಗ್ರಿ ಎಲ್ಲಕ್ಕೂ ಅದರಲ್ಲಿ ಕೇಳಬಹುದು. ಕೇಂದ್ರ 60, ರಾಜ್ಯ 40. ನಾಲ್ಕನೇದು ಆಸ್ಪತ್ರೆಯದೇ ಆಡಳಿತ ಸಮಿತಿಯಾದ ಆರೋಗ್ಯ ರಕ್ಷಾ ಸಮಿತಿಯ ಹಣ: ಬಳಕೆದಾರರ ಶುಲ್ಕ ಮತ್ತು ಅಭಿಯಾನದ ಮುಕ್ತ ನಿಧಿ (ಇಂಥದ್ದಕ್ಕೇ ಅಂತ ಕಟ್ಟು ಹಾಕದ ಹಣ).

ಈಗ ನಿಮ್ಮ ಪ್ರಶ್ನೆಗೆ. ಸಂಬಳ ಹುದ್ದೆಯ ಹಿಂದೆ ಹೋಗುತ್ತೆ, ರೋಗದ ಹಿಂದೆ ಅಲ್ಲ. ಹುದ್ದೆ ಖಾಲಿ ಬಿದ್ದರೆ ಆ ತಾಲೂಕಿನ ‘ದಂತ ಖರ್ಚು’ ರಾತ್ರೋರಾತ್ರಿ ಕಾಲು ಭಾಗಕ್ಕೆ ಇಳಿದಂತೆ ಕಾಣುತ್ತೆ, ಜನರ ಹಲ್ಲೇನು ಸರಿಯಾಗಿರಲ್ಲ. ಇನ್ನೂ ಒಂದು ಚೋದ್ಯ: ವೈದ್ಯರನ್ನು ಬೇರೆ ಕಡೆ ನಿಯೋಜನೆ ಮೇಲೆ ಕಳಿಸಿದರೆ ಸಂಬಳ ಮೂಲ ಸ್ಥಾನದಲ್ಲೇ ಬೀಳುತ್ತೆ. ಪುಸ್ತಕದಲ್ಲಿ ಖರ್ಚು ಇಲ್ಲಿ, ಕೆಲಸ ಅಲ್ಲಿ. ತಾಲೂಕುವಾರು ಹೋಲಿಕೆ ಮಾಡೋರು ಮೊದಲು ನಿಯೋಜನೆ ಪಟ್ಟಿ ನೋಡಬೇಕು.

ದವಡೆಹಲ್ಲು

ಲೆಕ್ಕದವರು ಹೇಳಿದ್ದು ಸರಿ. ಕೀಳೋದು–ತುಂಬೋದರ ವ್ಯತ್ಯಾಸ ಎರಡನೇ ಮತ್ತು ನಾಲ್ಕನೇ ಜೇಬಿನ ನಡುವೆ ಇದೆ.

ಹಲ್ಲು ಕೀಳಲು ಬೇಕಾದ್ದೇನು? ಅರಿವಳಿಕೆ, ಸಿರಿಂಜು, ಫೋರ್ಸೆಪ್ಸ್, ಹತ್ತಿ, ಗ್ಲೌಸು, ಆಮೇಲೆ ನೋವಿನ ಮಾತ್ರೆ. ಅರಿವಳಿಕೆಯ ಲಿಗ್ನೋಕೇನ್, ಸಿರಿಂಜು, ಮಾತ್ರೆ, ಗ್ಲೌಸು ಇಡೀ ಆಸ್ಪತ್ರೆಗೇ ಬೇಕು, ಹಾಗಾಗಿ ಉಗ್ರಾಣದಿಂದ ಬಂದೇ ಬರುತ್ತೆ. ಫೋರ್ಸೆಪ್ಸ್ ಒಮ್ಮೆ ಕೊಂಡರೆ ಹತ್ತು ವರ್ಷ. ಕರೆಂಟ್ ಹೋದರೂ ಕೀಳಬಹುದು.

ತುಂಬಲು? ಹಲ್ಲು ಕೊರೆಯೋ ಏರೋಟರ್ ಓಡಬೇಕು, ಅದಕ್ಕೆ ಗಾಳಿ ಕೊಡೋ ಕಂಪ್ರೆಸರ್ ಓಡಬೇಕು, ಎಂಜಲು ಎಳೆಯೋ ಸಕ್ಷನ್ ಬೇಕು, ಕೊರೆಯೋ ಮೊನೆ (ಬರ್) ಬೇಕು, ತುಂಬೋ ಸಿಮೆಂಟ್ ಗ್ಲಾಸ್ ಅಯಾನೊಮರ್ ಬೇಕು. ಇದ್ಯಾವುದೂ ಬೇರೆ ವಿಭಾಗಕ್ಕೆ ಬೇಡ. ಆದ್ದರಿಂದ ಹಲ್ಲಿನವರೇ ಪ್ರತ್ಯೇಕವಾಗಿ ಬರೆದು ಕೇಳಬೇಕು, ಯಾರೋ ಒಬ್ಬರು ಒಪ್ಪಬೇಕು. ಕೇಳೋದು ಒಂದು ತಿಂಗಳು ತಪ್ಪಿದರೆ ಮುಂದಿನ ತಿಂಗಳೆಲ್ಲ ಕೀಳೋದೇ.

ಪ್ರಮಾಣ ಹೇಳ್ತೀನಿ, ಟಿಪ್ಪಣಿಗೆ ಉಪಯೋಗ ಆಗಬಹುದು. ದಿನಕ್ಕೆ 8 ಕೀಳೋದು, 4 ತುಂಬೋದು, ತಿಂಗಳಿಗೆ 25 ದಿನ ಅಂತ ಇಟ್ಕೊಳ್ಳಿ. ಕೀಳೋಕೆ ಲಿಗ್ನೋಕೇನ್ ತಲಾ 2 ಮಿಲಿ ಅಂದರೆ 400 ಮಿಲಿ, 30 ಮಿಲಿಯ ಬಾಟಲಿ 14. ತುಂಬೋಕೆ ಟೈಪ್ 9 ಸಿಮೆಂಟ್: ಒಂದು ಚಮಚ ಪುಡಿ ಸುಮಾರು 0.36 ಗ್ರಾಂ, ಒಂದು ಹನಿ ದ್ರವ. 15 ಗ್ರಾಂ ಡಬ್ಬಿಯಲ್ಲಿ 41 ಚಮಚ. ಹಲ್ಲಿಗೆ ಸರಾಸರಿ ಒಂದೂವರೆ ಚಮಚ ಅಂದರೆ 100 ಹಲ್ಲಿಗೆ 150 ಚಮಚ, 4 ಡಬ್ಬಿ. ವರ್ಷಕ್ಕೆ 48. ಒಳ್ಳೆ ಕಂಪನಿಯದಾದರೆ ಡಬ್ಬಿ ಸಾವಿರದ ಮೇಲೇ ಇರುತ್ತೆ. ಇಂಡೆಂಟ್‌ನಲ್ಲಿ ‘ಫಿಲ್ಲಿಂಗ್ ಸಿಮೆಂಟ್ – 5’ ಅಂತ ಬರೆದರೆ ವರ್ಷಕ್ಕೆ ಐದೇ ಬರುತ್ತೆ, ಅದೂ ಯುಗಾದಿ ಕಳೆದ ಮೇಲೆ.

ಟೈಪ್ ನಂಬರ್ ಬರೆಯದೇ ಹೋದರೆ ಇನ್ನೊಂದು ಎಡವಟ್ಟು: ಕಡಿಮೆ ದರದಲ್ಲಿ ಟೈಪ್ 1 ಬಂದು ಬೀಳುತ್ತೆ. ಅದು ಕ್ಯಾಪ್ ಅಂಟಿಸೋದು, ದವಡೆ ಹಲ್ಲಿಗೆ ತುಂಬಿದರೆ ನಿಲ್ಲಲ್ಲ.

ಹೇಮಾವತಿ ನಾಲೆ

ಡಾಕ್ಟ್ರೇ, ಮೊದಲು ಬೆಳ್ಳಿ ತುಂಬ್ತಿದ್ರಲ್ಲ, ಅದು ಅಗ್ಗ ಅಲ್ವಾ?

ದವಡೆಹಲ್ಲು

ಅಮಾಲ್ಗಂ. ಅಗ್ಗವೂ ಹೌದು, ಗಟ್ಟಿಯೂ ಹೌದು. ಆದರೆ ಅದರಲ್ಲಿ ಪಾದರಸ ಇದೆ. ಮಿನಮಾಟಾ ಒಪ್ಪಂದಕ್ಕೆ ಭಾರತ 2018ರಲ್ಲಿ ಸೇರಿತು. ಅಲ್ಲಿಂದೀಚೆಗೆ ಬಳಕೆ ಇಳಿಸುತ್ತಾ ಬರಬೇಕು, ಮಕ್ಕಳಿಗೆ, ಗರ್ಭಿಣಿಯರಿಗೆ ಬೇಡ ಅನ್ನೋದು ನಿಲುವು. ಖರ್ಚಿನ ದೃಷ್ಟಿಯಿಂದ ಇದು ಸಣ್ಣ ವಿಷಯ ಅಲ್ಲ. ಅಮಾಲ್ಗಂ ಸ್ವಲ್ಪ ಎಂಜಲು ತಾಗಿದರೂ ಸಹಿಸಿಕೊಳ್ಳುತ್ತೆ. ಅಯಾನೊಮರ್ ಗಟ್ಟಿಯಾಗೋ ಮೊದಲ ಕೆಲವು ನಿಮಿಷ ಒಣಗಿರಲೇಬೇಕು. ಸಕ್ಷನ್ ಕೆಟ್ಟಿರುವ ಚೇರ್‌ನಲ್ಲಿ ಅದನ್ನು ತುಂಬಿದರೆ ಆರು ತಿಂಗಳಿಗೆ ಉದುರುತ್ತೆ, ಸಾಮಗ್ರಿಯೂ ದಂಡ, ರೋಗಿಗೆ ನಂಬಿಕೆಯೂ ಹೋಯ್ತು.

ಕಂಪ್ರೆಸರ್ ಮೇಷ್ಟ್ರು

ಸಕ್ಷನ್ ಮಾತು ಬಂತಲ್ಲ, ಉಪಕರಣದ ಕಡೆ ಹೇಳ್ತೀನಿ. ದುಡ್ಡು ಸೋರಿಹೋಗೋ ಜಾಗ ಇದು.

ಚೇರ್ ಕೊಳ್ಳೋಕೆ ದಾನಿಗಳು ಸಿಗ್ತಾರೆ. ನಂಜನಗೂಡಿನ ಕೈಗಾರಿಕೆಗಳ ಸಾಮಾಜಿಕ ಹೊಣೆಗಾರಿಕೆ ನಿಧಿ, ಶಾಸಕರ ಕ್ಷೇತ್ರಾಭಿವೃದ್ಧಿ ನಿಧಿ, ಸಂಸದರ ನಿಧಿ, ಮೂರರಲ್ಲೂ ಆಗುತ್ತೆ. ಫೋಟೊ ಬರುತ್ತೆ, ಫಲಕ ಬರುತ್ತೆ. ಫಲಕದಲ್ಲಿ ಇಲ್ಲದಿರೋದು ಎರಡನೇ ವರ್ಷದ ನಿರ್ವಹಣೆ.

ಚೇರ್ ನಿಲ್ಲೋದು ಚೇರ್‌ನಿಂದಲ್ಲ. ನಾಲ್ಕು ಸಣ್ಣ ಕಾರಣಕ್ಕೆ. ಕಂಪ್ರೆಸರ್ ಟ್ಯಾಂಕಿನ ಕೆಳಗಿನ ಡ್ರೈನ್ ವಾಲ್ವ್ ದಿನಾ ಸಂಜೆ ಬಿಡಬೇಕು. ಬಿಡದಿದ್ದರೆ ಟ್ಯಾಂಕಲ್ಲಿ ನೀರು ನಿಂತು, ಮಳೆಗಾಲದಲ್ಲಂತೂ ಗಾಳಿ ಜೊತೆ ಹ್ಯಾಂಡ್‌ಪೀಸಿಗೆ (ಬರ್ ಸಿಕ್ಕಿಸೋ ಹಿಡಿ) ಹೋಗಿ ಬೇರಿಂಗ್ ತುಕ್ಕು ಹಿಡಿಯುತ್ತೆ. ಎರಡು, ಗಾಳಿಯ ಒತ್ತಡ. ಏರೋಟರ್‌ಗೆ 30–35 ಪಿಎಸ್‌ಐ ಸಾಕು. ಮೊಂಡಾದ ಬರ್ ಹಾಕ್ಕೊಂಡು ‘ಕೊರೀತಾ ಇಲ್ಲ’ ಅಂತ ಒತ್ತಡ ಏರಿಸ್ತಾರೆ, ಒಳಗೆ ತಿರುಗೋ ಭಾಗ, ಕಾರ್ಟ್ರಿಜ್, ಹೋಗುತ್ತೆ. ಹೊಸ ಬರ್ ಹಾಕಿದ್ದರೆ ಕೆಲವೇ ರೂಪಾಯಲ್ಲಿ ಮುಗಿಯೋದು, ಕಾರ್ಟ್ರಿಜ್‌ಗೆ ಸಾವಿರ ಬೀಳುತ್ತೆ. ಮೂರು, ಬೋರ್‌ವೆಲ್ ನೀರು. ಹಲ್ಲು ಕ್ಲೀನ್ ಮಾಡೋ ಸ್ಕೇಲರ್ ಕೊಳವೆ, ನೀರು-ಗಾಳಿ ಬಿಡೋ ತ್ರೀವೇ ಸಿರಿಂಜು, ಉಪಕರಣ ಹಬೆಯಲ್ಲಿ ಶುದ್ಧ ಮಾಡೋ ಆಟೋಕ್ಲೇವ್ ಕಾಯಿಲ್ ಎಲ್ಲದರಲ್ಲೂ ಸುಣ್ಣ ಕಟ್ಟುತ್ತೆ. ಚೇರ್‌ಗೆ ಪ್ರತ್ಯೇಕ ನೀರಿನ ಬಾಟಲಿ ವ್ಯವಸ್ಥೆ ಇರುತ್ತೆ, ಡಿಸ್ಟಿಲ್ಡ್ ವಾಟರ್ ಹಾಕಿದರೆ ಮುಗೀತು. ನಾಲ್ಕು, ವೋಲ್ಟೇಜ್. ಸ್ಟೆಬಿಲೈಸರ್ ಇಲ್ಲದ ಕಡೆ ಮೊದಲು ಸಾಯೋದು ತುಂಬಿದ್ದನ್ನು ಬೆಳಕಲ್ಲಿ ಗಟ್ಟಿ ಮಾಡೋ ಲೈಟ್‌ಕ್ಯೂರ್ ಮತ್ತು ಚೇರಿನ ಬೋರ್ಡ್.

ಹ್ಯಾಂಡ್‌ಪೀಸ್ ಎಷ್ಟಿದೆ ಅನ್ನೋದನ್ನೂ ಕೇಳಿ. ಒಂದೇ ಇದ್ದರೆ ರೋಗಿಯಿಂದ ರೋಗಿಗೆ ಸ್ಪಿರಿಟ್‌ನಲ್ಲಿ ಒರೆಸೋದು ಅಂತಲೇ ಅರ್ಥ. ಬಿ ದರ್ಜೆ ಆಟೋಕ್ಲೇವ್‌ನಲ್ಲಿ ಒಣಗಿಸೋದೂ ಸೇರಿ ಒಂದು ಸುತ್ತಿಗೆ ಮುಕ್ಕಾಲು ಗಂಟೆ ಹಿಡಿಯುತ್ತೆ. ಕಾಯದೆ ಒಂದರ ಹಿಂದೊಂದು ನಾಲ್ಕು ಹಲ್ಲು ತುಂಬಬೇಕಾದರೆ ನಾಲ್ಕು ಹ್ಯಾಂಡ್‌ಪೀಸ್ ಬೇಕು. ಆಟೋಕ್ಲೇವ್‌ಗೆ ಹಾಕೋ ಮುಂಚೆ ಎಣ್ಣೆ ಬಿಡದಿದ್ದರೆ ಅವೂ ಬೇಗ ಹೋಗುತ್ತೆ.

ಲೆಕ್ಕಶಾಖೆ

ಮೇಷ್ಟ್ರೇ, ನೀವು ಹೇಳಿದ್ದರ ಇನ್ನೊಂದು ಮುಖ ನಮ್ಮ ಕಡೆ ಕಾಣುತ್ತೆ. ಚೇರ್ ಬಂಡವಾಳ ವೆಚ್ಚ, ಶೀರ್ಷಿಕೆ 4210. ಕಾರ್ಟ್ರಿಜ್ಜು, ಬರ್ರು, ಡಿಸ್ಟಿಲ್ಡ್ ವಾಟರ್ರು ರಾಜಸ್ವ ವೆಚ್ಚ, ಅಂದರೆ ದಿನನಿತ್ಯದ ಖರ್ಚು. ಕ್ಷೇತ್ರಾಭಿವೃದ್ಧಿ ನಿಧಿಯಲ್ಲಿ ಆಸ್ತಿ ಮಾಡಬಹುದು, ಅದರ ಸಾಕಣೆ ಮಾಡೋಕಾಗಲ್ಲ. ಆದ್ದರಿಂದ ದಾನದ ಚೇರ್ ಹೆಚ್ಚಾದಷ್ಟೂ ಆರೋಗ್ಯ ರಕ್ಷಾ ಸಮಿತಿಯ ಸಣ್ಣ ಜೇಬಿನ ಮೇಲೆ ಭಾರ ಹೆಚ್ಚು. ಆ ಸಮಿತಿಯಲ್ಲಿ ಜನರೇಟರ್ ಡೀಸೆಲ್, ಹೆರಿಗೆ ವಾರ್ಡು, ಕಕ್ಕಸು ರಿಪೇರಿ, ಹೊರಗುತ್ತಿಗೆ ಸ್ವಚ್ಛತೆ ಎಲ್ಲ ಸಾಲಾಗಿ ನಿಂತಿರುತ್ತೆ. ಹಲ್ಲಿಂದ ಯಾರೂ ಸಾಯಲ್ಲ ಅಂತ ಹಲ್ಲಿನ ಫೈಲು ಕೆಳಗೆ ಹೋಗುತ್ತೆ.

ಪ್ರಾಥಮಿಕ ಆರೋಗ್ಯ ಕೇಂದ್ರದ ಮಟ್ಟದಲ್ಲಿ ಈ ಜೇಬು ಎಷ್ಟು ಸಣ್ಣದು ನೋಡಿ: ಮುಕ್ತ ನಿಧಿ 25 ಸಾವಿರ, ವಾರ್ಷಿಕ ನಿರ್ವಹಣೆ 50 ಸಾವಿರ, ಸಮಿತಿಗೆ 1 ಲಕ್ಷ. ಬಹಳ ವರ್ಷ ಇದೇ 1.75 ಲಕ್ಷದ ಲೆಕ್ಕ ನಡೆದಿದ್ದು. ಇದರಲ್ಲಿ ಹಲ್ಲಿಗೆ ಬಿಡಿಕಾಸು ಸಿಕ್ಕರೆ ಪುಣ್ಯ.

ಕುವೆಂಪುನಗರ ಕ್ಲಿನಿಕ್

ಖಾಸಗಿ ಕಡೆಯ ಪ್ರಶ್ನೆಗೆ ಬರ್ತೀನಿ. ‘ಸರ್ಕಾರ ಖಾಸಗಿ ದಂತ ವೈದ್ಯರಿಗೆ ದುಡ್ಡು ಕೊಡುತ್ತೆ’ ಅನ್ನೋದು ಬಹುಪಾಲು ತಪ್ಪು ತಿಳಿವಳಿಕೆ. ಬೀದಿ ಬದಿಯ ಕ್ಲಿನಿಕ್‌ಗೆ ಒಂದು ರೂಪಾಯಿಯೂ ಬರಲ್ಲ. ರೂಟ್ ಕೆನಾಲ್, ಕ್ಯಾಪು, ಕ್ಲೀನಿಂಗು ಎಲ್ಲ ಹೊರರೋಗಿ ಚಿಕಿತ್ಸೆ. ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಮುಖ್ಯವಾಗಿ ಒಳರೋಗಿ ಪ್ಯಾಕೇಜು: ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ, ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ. 30ರಂತೆ 1.5 ಲಕ್ಷದವರೆಗೆ. ಅದರಲ್ಲಿ ಬಾಯಿಗೆ ಸಂಬಂಧಪಟ್ಟಿದ್ದು ದವಡೆ ಮುರಿತಕ್ಕೆ ಪ್ಲೇಟ್ ಹಾಕೋದು, ಗೆಡ್ಡೆ, ಬಾಯಿ ಕ್ಯಾನ್ಸರ್ ಶಸ್ತ್ರಚಿಕಿತ್ಸೆ ಈ ಥರದ್ದು. ಬೈಕಿಂದ ಬಿದ್ದು ದವಡೆ ಮುರ್ಕೊಂಡರೆ ಸರ್ಕಾರ ದುಡ್ಡು ಕೊಡುತ್ತೆ, ಹುಳುಕು ಹಲ್ಲಿಗೆ ಕೊಡಲ್ಲ. ತುರ್ತಲ್ಲದ ಕೇಸಿಗೆ ಸರ್ಕಾರಿ ಆಸ್ಪತ್ರೆಯಿಂದ ರೆಫರಲ್ ಬೇಕು. ಅದಿಲ್ಲದೆ ನೇರ ಖಾಸಗಿಗೆ ಹೋಗಿ ದಾಖಲಾದರೆ ಬಿಲ್ ತಿರಸ್ಕಾರ.

ಇನ್ನು ಸರ್ಕಾರಿ ನೌಕರರ ವೈದ್ಯಕೀಯ ವೆಚ್ಚ ಮರುಪಾವತಿ. ಅದು ನೌಕರನ ಇಲಾಖೆಯ ಶೀರ್ಷಿಕೆಯಲ್ಲಿ ಬೀಳುತ್ತೆ, ಮೇಷ್ಟ್ರದ್ದು ಶಿಕ್ಷಣದಲ್ಲಿ, ಪೊಲೀಸರದ್ದು ಗೃಹದಲ್ಲಿ. ಇಎಸ್‌ಐ (ಕಾರ್ಮಿಕರ ರಾಜ್ಯ ವಿಮೆ) ಇನ್ನೊಂದು ಲೋಕ: ತಿಂಗಳ ಕೂಲಿ 21 ಸಾವಿರದವರೆಗಿನ ಕಾರ್ಮಿಕರದ್ದು, ಮಾಲೀಕ ಶೇ. 3.25, ಕಾರ್ಮಿಕ ಶೇ. 0.75. ಹೆಬ್ಬಾಳ, ಕೂರ್ಗಳ್ಳಿ, ನಂಜನಗೂಡು ಕಡೆಯ ಕೆಲಸಗಾರರ ಹಲ್ಲಿನ ಖರ್ಚಿನ ಒಂದು ಪಾಲು ಅಲ್ಲಿ ಹೋಗುತ್ತೆ. ಜಿಲ್ಲಾ ಪಂಚಾಯ್ತಿ ಪುಸ್ತಕದಲ್ಲಿ ಹುಡುಕಿದರೆ ಇದ್ಯಾವುದೂ ಸಿಗಲ್ಲ.

ಸ್ಥಳೀಯ ಆಡಳಿತಕ್ಕೂ ನಮಗೂ ಇರುವ ನಂಟು ಕೊಡೋದಕ್ಕಿಂತ ತಗೊಳ್ಳೋದೇ ಜಾಸ್ತಿ. ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ (ಕೆಪಿಎಂಇ) ನೋಂದಣಿ (ಜಿಲ್ಲಾಧಿಕಾರಿ ಅಧ್ಯಕ್ಷತೆಯ ಪ್ರಾಧಿಕಾರ), ಮಾಲಿನ್ಯ ನಿಯಂತ್ರಣ ಮಂಡಳಿ ಅನುಮತಿ, ಎಕ್ಸ್‌ರೇಗೆ ಅಣುಶಕ್ತಿ ನಿಯಂತ್ರಣ ಮಂಡಳಿಯ ನೋಂದಣಿ, ಪಾಲಿಕೆಯ ಪರವಾನಗಿ, ಜೈವಿಕ ತ್ಯಾಜ್ಯ ಒಯ್ಯುವವರಿಗೆ ಶುಲ್ಕ. ಇದೆಲ್ಲ ಕೊನೆಗೆ ರೋಗಿಯ ಬಿಲ್ಲಿಗೇ ಸೇರುತ್ತೆ.

ಸಮುದಾಯ ದಂತ

ಕ್ಲಿನಿಕ್‌ನವರು ಬಿಟ್ಟ ಒಂದು ದಾರಿ ಇದೆ: ದಂತ ಭಾಗ್ಯ. 2014ರ ಆಸುಪಾಸಿನಲ್ಲಿ ಶುರುವಾಗಿದ್ದು. ಬಿಪಿಎಲ್ ಹಿರಿಯರಿಗೆ ಹಲ್ಲಿನ ಸೆಟ್ಟು, ತಯಾರಿ ದಂತ ಕಾಲೇಜಿನಲ್ಲಿ, ಸೆಟ್ಟಿಗೆ ಇಂತಿಷ್ಟು ಅಂತ ಸರ್ಕಾರದಿಂದ. ಸರ್ಕಾರದ ಹಣ ಖಾಸಗಿ ಸಂಸ್ಥೆಗೆ ನೇರವಾಗಿ ಹೋಗುವ ಅಪರೂಪದ ಉದಾಹರಣೆ. ಆದರೆ ಪೂರ್ತಿ ಸೆಟ್ಟಿಗೆ ಕನಿಷ್ಠ ಐದು ಭೇಟಿ: ಮೊದಲ ಅಚ್ಚು, ಎರಡನೇ ಅಚ್ಚು, ದವಡೆ ಅಳತೆ, ಮೇಣದ ಮೇಲೆ ಹಲ್ಲು ಜೋಡಿಸಿ ನೋಡೋದು, ಕೊಡೋದು. ಆಮೇಲೆ ಒಸಡು ಕಡಿದರೆ ತಿದ್ದೋಕೆ ಒಂದೋ ಎರಡೋ. ಸರಗೂರಿನಿಂದ ಮೈಸೂರಿಗೆ ಅಷ್ಟು ಸಲ. ಅಜ್ಜಿಗಾದರೆ ಶಕ್ತಿ ಯೋಜನೆಯ ಬಸ್ಸು, ತಾತನಿಗೆ ಟಿಕೆಟ್ಟು ಮತ್ತು ಜೊತೆಗೆ ಬರೋ ಮಗನ ಕೂಲಿ. ಈ ಖರ್ಚು ಯೋಜನೆಯಲ್ಲಿ ಇಲ್ಲ, ಅದಕ್ಕೇ ಫಲಾನುಭವಿಗಳು ಕಾಲೇಜಿರೋ ಊರಿನ ಸುತ್ತಲೇ ಜಾಸ್ತಿ. ಅಂದರೆ ಇಲ್ಲೂ ಹಣ ಹೋಗೋದು ಚೇರ್ ಇದ್ದ ಕಡೆಗೇ.

ಮೈಸೂರಿನ ಇನ್ನೊಂದು ವಿಶೇಷ ಇದು. ಜೆಎಸ್‌ಎಸ್, ಫಾರೂಕಿಯಾ ಎರಡು ದಂತ ಕಾಲೇಜು ನಗರದಲ್ಲಿವೆ. ಸರ್ಕಾರಿ ದಂತ ಕಾಲೇಜು ಬೇಕೆಂದರೆ ಬೆಂಗಳೂರಿಗೋ ಬಳ್ಳಾರಿಗೋ ಹೋಗಬೇಕು. ವಿದ್ಯಾರ್ಥಿಗಳಿಗೆ ಕಲಿಯೋಕೆ ರೋಗಿಗಳು ಬೇಕು, ಹಾಗಾಗಿ ಕಾಲೇಜಿನಲ್ಲಿ ದರ ಕಡಿಮೆ. ನಗರದ ಬಡವರು ಅಲ್ಲಿಗೆ ಹೋಗ್ತಾರೆ, ಪಾಲಿಕೆ ಮೇಲೆ ಒತ್ತಡವೇ ಬೀಳಲ್ಲ. ನಗರದಲ್ಲಿ ಸರ್ಕಾರ ನಡೆಸೋ ‘ನಮ್ಮ ಕ್ಲಿನಿಕ್’ಗಳಲ್ಲಿ ಒಬ್ಬ ವೈದ್ಯಾಧಿಕಾರಿ, ಶುಶ್ರೂಷಕಿ, ಲ್ಯಾಬ್‌ನವರು, ಡಿ ಗ್ರೂಪ್, ಅಷ್ಟೇ. ಬಾಯಿ ಆರೋಗ್ಯ ಸೇವೆಗಳ ಪಟ್ಟಿಯಲ್ಲಿದೆ, ಚೇರ್ ಇಲ್ಲ.

ಹೊರದೇಶದ್ದು ಒಂದು ಹೋಲಿಕೆಗೆ: ಫಿನ್‌ಲೆಂಡ್‌ನಲ್ಲಿ ಪುರಸಭೆಗಳೇ ಹಲ್ಲಿನ ಸೇವೆ ನಡೆಸ್ತಿದ್ದವು, ಖಾಸಗಿಗೆ ಹೋದವರಿಗೆ ಕೇಲಾ ಅನ್ನೋ ವಿಮಾ ಸಂಸ್ಥೆ ಒಂದಷ್ಟು ವಾಪಸ್ ಕೊಡ್ತಿತ್ತು. 2002ರ ಡಿಸೆಂಬರ್‌ನಿಂದ ಎಲ್ಲ ವಯಸ್ಸಿನವರಿಗೂ ಬಾಗಿಲು ತೆರೆದರು. 2023ರಿಂದ ಪುರಸಭೆಗಳ ಕೈಯಿಂದ ತೆಗೆದು ದೊಡ್ಡ ಪ್ರಾದೇಶಿಕ ಆಡಳಿತಗಳಿಗೆ ಕೊಟ್ಟಿದ್ದಾರೆ. ಅಲ್ಲಿ ಎರಡು ಜೇಬಿಗೂ ದಾಖಲೆ ಇರೋದರಿಂದ ಒಂದು ಏರಿದರೆ ಇನ್ನೊಂದು ಏನಾಯ್ತು ಅಂತ ನೋಡಬಹುದು. ನಮ್ಮಲ್ಲಿ ಖಾಸಗಿ ಖರ್ಚೆಂದರೆ ಮನೆಯವರ ಜೇಬು, ಅದಕ್ಕೆ ರಸೀದಿಯೂ ಇರಲ್ಲ.

ದವಡೆಹಲ್ಲು

ಮೇಡಂ, ಒಂದು ಭಿನ್ನಾಭಿಪ್ರಾಯ. ಹಣ ಚೇರ್ ಹಿಂದೆ ಮಾತ್ರ ಹೋಗುತ್ತೆ ಅನ್ನೋದು ಪೂರ್ತಿ ಒಪ್ಪಲ್ಲ, ವರದಿಯ ಹಿಂದೆಯೂ ಹೋಗುತ್ತೆ. ಆಸ್ಪತ್ರೆಗಳು ತಿಂಗಳ ವರದಿ ತುಂಬೋ ಎಚ್‌ಎಂಐಎಸ್‌ನಲ್ಲಿ ದಂತ ಹೊರರೋಗಿಗಳ ಸಂಖ್ಯೆಗೆ ಸಾಲಿದೆ. ಅಲ್ಲಿ 500 ಅಂತ ಹೋದರೆ ಮೇಲಿನವರಿಗೆ ವಿಭಾಗ ಚೆನ್ನಾಗಿ ನಡೀತಿದೆ ಅಂತಲೇ ಅರ್ಥ. ಆ 500ರಲ್ಲಿ ಎಷ್ಟು ಕಿತ್ತಿದ್ದು, ಎಷ್ಟು ಉಳಿಸಿದ್ದು ಅನ್ನೋದು ಆಸ್ಪತ್ರೆಯ ರಿಜಿಸ್ಟರ್‌ನಲ್ಲೇ ಉಳಿಯುತ್ತೆ. ಕೀಳೋದಕ್ಕೆ ಹತ್ತು ಹದಿನೈದು ನಿಮಿಷ, ರೂಟ್ ಕೆನಾಲ್‌ಗೆ ಎರಡು ಮೂರು ಭೇಟಿ, ಕನಿಷ್ಠ ಮೂರು ಎಕ್ಸ್‌ರೇ. ಕಷ್ಟಪಟ್ಟು ಹಲ್ಲು ಉಳಿಸಿದವರ ಅಂಕಿ ಕಾಗದದ ಮೇಲೆ ಕಮ್ಮಿ ಕಾಣುತ್ತೆ.

ಸಮುದಾಯ ದಂತ

ಅದು ನಿಜ ಸರ್, ಒಪ್ಪಿದೆ. ಶಾಲಾ ತಪಾಸಣೆಯಲ್ಲೂ ಇದೇ ಕಥೆ. ಮಕ್ಕಳ ಆರೋಗ್ಯ ತಪಾಸಣೆಯ ಆರ್‌ಬಿಎಸ್‌ಕೆ ತಂಡ ಹುಳುಕು ಹಲ್ಲು ಗುರುತಿಸಿ ಚೀಟಿ ಕೊಡುತ್ತೆ. ಗುರುತಿಸಿದ್ದಕ್ಕೆ ವರದಿ ಇದೆ. ಚೀಟಿ ಹಿಡ್ಕೊಂಡು ಬಂದ ಮಗುವಿಗೆ ತುಂಬೋ ಸಾಮಾನಿನ ಲೆಕ್ಕ ಆ ಕಾರ್ಯಕ್ರಮದ ಜೊತೆ ಹೆಣೆದುಕೊಂಡಿಲ್ಲ.

ಬೋರ್‌ವೆಲ್ ಪಂಚಾಯ್ತಿ

ಗ್ರಾಮ ಪಂಚಾಯ್ತಿ ಕಡೆಯಿಂದ ಒಂದು ಮಾತು. ನಾವು ಹಲ್ಲಿಗೆ ಖರ್ಚೇ ಮಾಡಲ್ಲ ಅಂತ ಎಲ್ಲರೂ ಅಂದ್ಕೊಂಡಿದ್ದಾರೆ. ಕುಡಿಯೋ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ಮೂಲವೇ ಇಲ್ಲದಿದ್ದರೆ 1.5ರವರೆಗೆ. ಅದು ಮೀರಿದ ಊರಲ್ಲಿ ಮಕ್ಕಳ ಹಲ್ಲು ಕಂದು ಕಟ್ಟೋದನ್ನು ಯಾವ ದಂತ ವೈದ್ಯರೂ ತಡೆಯೋಕಾಗಲ್ಲ, ನೀರೇ ಬದಲಾಗಬೇಕು. 15ನೇ ಹಣಕಾಸು ಆಯೋಗದ 2021–26ರ ಅನುದಾನದಲ್ಲಿ ಶೇ. 60 ನಿರ್ಬಂಧಿತವಾಗಿತ್ತು, ನೀರು ಮತ್ತು ನೈರ್ಮಲ್ಯಕ್ಕೇ. ಶುದ್ಧ ನೀರಿನ ಘಟಕದ ರಿಪೇರಿ, ಮೆಂಬ್ರೇನ್ (ಸೋಸೋ ಪೊರೆ) ಬದಲಾವಣೆ ಅದರಲ್ಲಿ ಮಾಡಬಹುದಿತ್ತು. ಉಳಿದ ಶೇ. 40ರಲ್ಲೂ ಸಂಬಳ, ಆಡಳಿತ ವೆಚ್ಚ ಮಾಡೋಹಾಗಿರಲಿಲ್ಲ. ಹಾಗಾಗಿ ‘ಪಂಚಾಯ್ತಿಯಿಂದ ದಂತ ಸಹಾಯಕರನ್ನು ಇಟ್ಕೊಳ್ಳಿ’ ಅಂತ ಸಲಹೆ ಕೊಡೋರು ಇದನ್ನ ಗಮನಿಸಿ.

ಹೇಮಾವತಿ ನಾಲೆ

ಬಹಳ ಉಪಕಾರ ಆಯ್ತು. ಈಗ ಕೆಲಸದ ಮಾತು: ಟಿಪ್ಪಣಿಯಲ್ಲಿ ಏನು ಬರೀಲಿ, ಯಾರಿಗೆ ಕೊಡಲಿ?

ಲೆಕ್ಕಶಾಖೆ

ಜಿಲ್ಲಾ ಪಂಚಾಯ್ತಿ ಸದಸ್ಯರ ಅವಧಿ 2021ರಲ್ಲೇ ಮುಗಿದು, ಆಮೇಲೆ ವರ್ಷಗಟ್ಟಲೆ ಆಡಳಿತಾಧಿಕಾರಿಗಳ ಕೈಲೇ ನಡೀತು. ಆರೋಗ್ಯ ಸ್ಥಾಯಿ ಸಮಿತಿಯಲ್ಲಿ ಎದ್ದು ಕೇಳೋರು ಇಲ್ಲದಾಗ ಸಣ್ಣ ವಿಭಾಗಗಳಿಗೆ ಮೊದಲು ಪೆಟ್ಟು. ಹಾಗಾಗಿ ತಾಲೂಕು ಕೆಡಿಪಿಯೇ ಸರಿಯಾದ ಜಾಗ, ಶಾಸಕರು ಅಲ್ಲೂ ಇರ್ತಾರೆ, ಆರೋಗ್ಯ ರಕ್ಷಾ ಸಮಿತಿಯಲ್ಲೂ ಇರ್ತಾರೆ.

ಹೆಚ್ಚು ಅನುದಾನ ಕೊಡಿ ಅಂತ ಬರೀಬೇಡಿ. ಅದಕ್ಕೆ ‘ಪರಿಶೀಲಿಸಲಾಗುವುದು’ ಅಂತ ನಡಾವಳಿ ಬರೆದು ಮುಗಿಸ್ತಾರೆ. ಹಿಂದಿನ ಹನ್ನೆರಡು ತಿಂಗಳಲ್ಲಿ ಕಿತ್ತ ಹಲ್ಲೆಷ್ಟು, ತುಂಬಿದ ಹಲ್ಲೆಷ್ಟು, ರಿಜಿಸ್ಟರ್‌ನಿಂದ ಕೇಳಿ. ಸಿಮೆಂಟ್‌ಗೆ ಕಡೆಯ ಇಂಡೆಂಟ್ ಯಾವ ತಾರೀಖು, ಎಷ್ಟು ಕೇಳಿದ್ದು, ಎಷ್ಟು ಬಂದಿದ್ದು ಅಂತ ಕೇಳಿ. ಉಗ್ರಾಣದಲ್ಲಿ ಇಲ್ಲದಿದ್ದರೆ ‘ಲಭ್ಯವಿಲ್ಲ’ ಪತ್ರ ಪಡೆದು ಸ್ಥಳೀಯವಾಗಿ ಕೊಳ್ಳೋಕೆ ಅವಕಾಶ ಇದೆ. ಬಹಳ ಕಡೆ ಆ ಪತ್ರವನ್ನೇ ಕೇಳಿರಲ್ಲ. ರಾಷ್ಟ್ರೀಯ ಆರೋಗ್ಯ ಅಭಿಯಾನದ ಯೋಜನೆ 2022ರಿಂದ ಎರಡೆರಡು ವರ್ಷದ್ದು, 2022–24, 2024–26 ಹಾಗೆ. ತಯಾರಿ ಹೊತ್ತಿಗೆ ತಾಲೂಕಿನ ಬೇಡಿಕೆ ಹೋಗಿರದಿದ್ದರೆ ಪೂರಕ ಯೋಜನೆಗೆ ಕಾಯಬೇಕು. ಇಡೀ ಯೋಜನೆಗೆ ರಾಜ್ಯದಲ್ಲಿ ಒಂದೇ ಖಾತೆ ಇಡೋ ಎಸ್‌ಎನ್‌ಎ ವ್ಯವಸ್ಥೆ ಬಂದ ಮೇಲೆ ಹಣ ಆಸ್ಪತ್ರೆಯ ಖಾತೆಯಲ್ಲಿ ಕೂತಿರಲ್ಲ. ಖರ್ಚಿನ ಮಿತಿ ಮಾತ್ರ ಕೊಡ್ತಾರೆ, ಬಳಸದಿದ್ದರೆ ಮಾರ್ಚ್‌ಗೆ ಮಾಯ. ‘ಹಣ ಬಂದಿಲ್ಲ’ ಅನ್ನೋದೂ ‘ಮಿತಿ ಬಳಸಿಲ್ಲ’ ಅನ್ನೋದೂ ಬೇರೆ ಬೇರೆ, ಯಾವುದು ಅಂತ ಬಿಡಿಸಿ ಕೇಳಿ.

ಎಚ್.ಡಿ. ಕೋಟೆ, ಸರಗೂರು ಕಡೆಯವರು ಇದನ್ನು ಓದ್ತಿದ್ದರೆ: ಗಿರಿಜನರ ಹಾಡಿಗಳಿಗೆ ಸಂಚಾರಿ ದಂತ ಸೇವೆ ಕೇಳೋಕೆ ಗಿರಿಜನ ಉಪಯೋಜನೆಯ ದಾರಿ ಇದೆ. 2013ರ ಕಾಯ್ದೆ ಪ್ರಕಾರ ಆ ಹಣ ಅವರಿಗೇ ಮೀಸಲು.

ಕಂಪ್ರೆಸರ್ ಮೇಷ್ಟ್ರು

ಇನ್ನೊಂದು ಸಾಲು ಸೇರಿಸಿ ಅಣ್ಣ: ದಾನದ ಉಪಕರಣ ತಗೊಳ್ಳುವಾಗ ಮೂರು ವರ್ಷದ ಸಮಗ್ರ ನಿರ್ವಹಣಾ ಕರಾರು ದಾನಿಯ ಹಣದಲ್ಲೇ ಸೇರಿರಬೇಕು. ಬರೀ ವಾರ್ಷಿಕ ನಿರ್ವಹಣೆ ಅಂದರೆ ಮೆಕ್ಯಾನಿಕ್ ಬಂದು ನೋಡಿ ಹೋಗ್ತಾನೆ, ಬಿಡಿಭಾಗಕ್ಕೆ ಬೇರೆ ಬಿಲ್ಲು. ‘ಸಮಗ್ರ’ ಅಂದರೆ ಬಿಡಿಭಾಗವೂ ಸೇರಿ. ಕಾರ್ಟ್ರಿಜ್ಜು, ರಬ್ಬರ್ ರಿಂಗು, ಡಿಜಿಟಲ್ ಎಕ್ಸ್‌ರೇಯ (ಆರ್‌ವಿಜಿ) ಸೆನ್ಸರ್ ಕೇಬಲ್ಲು ಈ ಮೂರನ್ನೂ ಹೆಸರು ಹಿಡಿದು ಬರೆಸಿ. ಕಂಪನಿಗಳು ‘ಸವೆಯುವ ಭಾಗ’ ಅಂತ ಹೊರಗಿಡೋದು ಇವನ್ನೇ.

ಹೇಮಾವತಿ ನಾಲೆ

ಕರಾರು ಯಾರ ಹೆಸರಿಗೆ ಇರಬೇಕು? ದಾನಿಯೋ, ಆಸ್ಪತ್ರೆಯೋ?

ಕಂಪ್ರೆಸರ್ ಮೇಷ್ಟ್ರು

ಆಡಳಿತ ವೈದ್ಯಾಧಿಕಾರಿಯ ಹುದ್ದೆಯ ಹೆಸರಿಗೆ, ವ್ಯಕ್ತಿಯ ಹೆಸರಿಗಲ್ಲ. ವರ್ಗಾವಣೆ ಆದ ಮೇಲೆ ಕಂಪನಿಗೆ ಫೋನ್ ಮಾಡೋಕೆ ಹೊಸಬರಿಗೆ ಅಧಿಕಾರ ಇರಬೇಕಲ್ಲ. ಚೇರಿನ ಸೀರಿಯಲ್ ನಂಬರ್, ಕಂಪ್ರೆಸರ್ ನಂಬರ್ ಎರಡನ್ನೂ ಸ್ಟಾಕ್ ರಿಜಿಸ್ಟರ್‌ಗೆ ಅದೇ ದಿನ ಹತ್ತಿಸಿ. ದಾನದ್ದು ಅಂತ ರಿಜಿಸ್ಟರ್‌ಗೆ ಏರಿಸದೇ ಬಿಟ್ಟರೆ ಮುಂದೆ ರಿಪೇರಿ ಬಿಲ್ ಲೆಕ್ಕಶಾಖೆಯಲ್ಲಿ ವಾಪಸ್ ಬರುತ್ತೆ.